ಕೊಡೆಗಾಗಿ ಕೇಳಿದ ಕ್ಷಮೆ

ನನಗೆ ಕ್ಷಯ ಬಂದಿತ್ತು. ಕಾಯಿಲೆ ವಾಸಿಯಾಗಲು ಆರು ತಿಂಗಳು ಸಾಕಾಯಿತು; ಈ ಮೂರು ಪದಗಳನ್ನು ಬಾಯಿಬಿಟ್ಟು ಹೇಳಲು ಎಂಟು ತಿಂಗಳು ಬೇಕಾಯಿತು. ಇದೇ ಕಾಯಿಲೆಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಓಡಾಡುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಅವರು ನನ್ನ ಹಾಗೆ ಮಾಡದಿರಲಿ ಎಂದು ಬರೆಯುತ್ತಿದ್ದೇನೆ.

ಹೆಸರು ಕರುಣಾ. ಮುಳಬಾಗಿಲಿನಲ್ಲಿ ಮನೆಯಲ್ಲೇ ಕೂತು ರವಿಕೆ ಹೊಲಿಯುತ್ತೇನೆ. ಗಂಡ ದಾನಿಯೇಲ ಟೊಮೇಟೊ ಲಾರಿಗಳ ರಿಪೇರಿ ಮಾಡುತ್ತಾರೆ. ಒಬ್ಬಳೇ ಮಗಳು, ಮದುವೆಯಾಗಿ ಮಾಲೂರಿನಲ್ಲಿದ್ದಾಳೆ. ಎಸ್ಸೆಸ್ಸೆಲ್ಸಿ ತನಕ ಓದಿದ್ದರಿಂದ ನಮ್ಮ ಚರ್ಚಿನಲ್ಲಿ ಹೆಂಗಸರ ಕಡೆಯ ಮೇಲ್ವಿಚಾರಣೆ ತಾನಾಗಿ ನನ್ನ ಪಾಲಿಗೆ ಬಂದಿತ್ತು. ನಾವು ಚಪ್ಪಲಿಯನ್ನು ಹೊರಗೆ ಬಿಟ್ಟು, ತಲೆಯ ಮೇಲೆ ಸೆರಗು ಹೊದ್ದು, ಎಡಗಡೆ ಚಾಪೆಯ ಮೇಲೆ ಕೂರುವವರು. ಪ್ರಾರ್ಥನೆಯ ನಡುವೆ ಯಾರಾದರೂ ಪಿಸುಗುಟ್ಟಿದರೆ ಮೊಣಕೈಯಿಂದ ತಿವಿಯುತ್ತಿದ್ದೆ. ಸೆರಗು ಜಾರಿದವರನ್ನು ಕಣ್ಣಲ್ಲೇ ಗದರಿಸುತ್ತಿದ್ದೆ. ಭಯಭಕ್ತಿ ಎಂದರೆ ಏನೆಂದು ಊರಿಗೆಲ್ಲ ನಾನೇ ಕಲಿಸಬೇಕು ಅನ್ನುವಷ್ಟು ಠೀವಿ ನನಗಿತ್ತು.

ನನ್ನ ಪಕ್ಕದಲ್ಲಿ ಹದಿನೈದು ವರ್ಷದಿಂದ ಕೂರುತ್ತಿದ್ದವಳು ಎಲೀಸಮ್ಮ. ಎಪ್ಪತ್ತು ದಾಟಿದ ವಿಧವೆ. ನಾವೆಲ್ಲ ಅವ್ವ ಅನ್ನುತ್ತಿದ್ದೆವು. ಆಯಸ್ಸೆಲ್ಲ ಟೊಮೇಟೊ ಮಂಡಿಯಲ್ಲಿ ಹಣ್ಣು ಆರಿಸಿ ಸವೆಸಿದವಳು. ಅವಳಿಗೆ ಓದು ಬಾರದು. ಹಾಗಾಗಿ ಕೀರ್ತನೆ ಹಾಡುವಾಗ ನಾನು ಅವಳ ಕಿವಿಗೆ ಬಾಯಿಟ್ಟು ಮುಂದಿನ ಸಾಲನ್ನು ಮೊದಲೇ ಓದಿ ಹೇಳುತ್ತಿದ್ದೆ, ಅವಳು ಅದನ್ನು ಹಿಡಿದು ದೊಡ್ಡ ದನಿಯಲ್ಲಿ ಹಾಡುತ್ತಿದ್ದಳು. ರಾಗ ಎಲ್ಲೆಲ್ಲಿಗೋ ಹೋಗುತ್ತಿತ್ತು, ಆ ಮಾತು ಬೇರೆ. ಅವಳ ಪ್ರಾರ್ಥನೆ ಮಾತ್ರ ಎರಡೇ ಮಾತಿನದು. ನಾನು ಹತ್ತು ನಿಮಿಷ ಜೋಡಿಸಿ ಜೋಡಿಸಿ ಪ್ರಾರ್ಥಿಸಿದ ಮೇಲೆ ಅವಳು ಹಣೆಯನ್ನು ನೆಲಕ್ಕೆ ಮುಟ್ಟಿಸಿ, "ಇದ್ದೀನಿ ತಂದೆ" ಅಂದು ಎದ್ದುಬಿಡುತ್ತಿದ್ದಳು.

ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಕರ್ತನ ಭೋಜನದ ಸಂಸ್ಕಾರ. ವೇದಿಯ ಮುಂದಿನ ಮರದ ಕಟಾಂಜನದ ಬಳಿ ಸಾಲಾಗಿ ಮೊಣಕಾಲೂರುತ್ತೇವೆ. ನಮ್ಮ ಪಾದ್ರಿ ಅಯ್ಯನವರು ಒಂದೇ ಬೆಳ್ಳಿಯ ಪಾತ್ರೆಯನ್ನು ಒಬ್ಬೊಬ್ಬರ ತುಟಿಗೆ ತಾಗಿಸಿ, ಬಿಳಿ ಬಟ್ಟೆಯಿಂದ ಅಂಚು ಒರೆಸುತ್ತ ಬರುತ್ತಾರೆ. ಎಲೀಸಮ್ಮ ಯಾವಾಗಲೂ ಸಾಲಿನ ಕಟ್ಟಕಡೆಯಲ್ಲಿ ಕೂರುವಳು, ಅವಳಿಗಿಂತ ಒಬ್ಬರು ಮೊದಲು ನಾನು. ಮುಂದೆ ಬಾ ಅಂದರೆ, "ಉಳಿದಿದ್ದು ನಂಗೆ ಸಾಕು ತಲ್ಲೀ" ಅನ್ನುತ್ತಿದ್ದಳು. ತಾಯಿ ಅನ್ನುವ ಕಡೆ ತಲ್ಲಿ; ಅವಳ ಮಾತಿನಲ್ಲಿ ತೆಲುಗು ಹೀಗೆ ನುಸುಳುತ್ತಲೇ ಇರುತ್ತಿತ್ತು.

ಇನ್ನೊಂದು ರೂಢಿಯನ್ನೂ ಹೇಳಬೇಕು. ಸಂಸ್ಕಾರದ ಹಿಂದಿನ ದಿನ, ಶನಿವಾರ, ಮನಸ್ತಾಪ ಇರುವವರು ಒಬ್ಬರ ಮನೆಗೊಬ್ಬರು ಹೋಗಿ ಕ್ಷಮೆ ಕೇಳಿಕೊಂಡು ಬರಬೇಕು. ರಾಜಿಯಾಗದೆ ಪಾತ್ರೆಗೆ ಬಾಯಿ ಒಡ್ಡಬಾರದು. ಆದ್ದರಿಂದ ಭಾನುವಾರ ಯಾರಾದರೂ ಚಾಪೆಯ ಮೇಲೇ ಕೂತುಬಿಟ್ಟರೆ, ಇವಳಿಗೆ ಯಾರ ಜೊತೆಗೋ ಜಗಳ, ಇಲ್ಲವೇ ಒಳಗೇನೋ ಪಾಪ ಇದೆ ಎಂದೇ ಎಲ್ಲರ ಲೆಕ್ಕ. ಹಾಗೆ ಕೂತ ಒಬ್ಬಾಕೆಯ ಬಗ್ಗೆ ವಾರಗಟ್ಟಲೆ ಮಾತಾಡಿದವರಲ್ಲಿ ನಾನೇ ಮೊದಲಿಗಳು.

ಕ್ರಿಸ್ಮಸ್ಸಿಗೆ ಮುಂಚೆ ಶುರುವಾದ ಕೆಮ್ಮು ಹೊಸ ವರ್ಷ ಬಂದರೂ ಬಿಡಲಿಲ್ಲ. ಚಳಿಯಲ್ಲಿ ಮನೆಮನೆಗೆ ಹಾಡಲು ಹೋಗಿದ್ದಕ್ಕೆ ಅಂದುಕೊಂಡು ಸಿರಪ್ಪು ಕುಡಿದೆ, ಕಷಾಯ ಕುಡಿದೆ. ನನ್ನ ರವಿಕೆಗಳನ್ನು ನಾನೇ ಎರಡು ಸಲ ಬಿಗಿ ಮಾಡಿಕೊಂಡೆ. ಊರಿನವರ ಅಳತೆ ತೆಗೆಯುವ ನನಗೆ ಸ್ವಂತ ಅಳತೆ ಇಳಿಯುತ್ತಿರುವುದು ತಲೆಗೆ ಹೋಗಲಿಲ್ಲ. ಹೊಸ ವರ್ಷದ ಮೊದಲ ಸಂಸ್ಕಾರದ ದಿನವೂ ಕರವಸ್ತ್ರದಲ್ಲಿ ಕೆಮ್ಮಿಕೊಂಡೇ ಅವ್ವನ ಕಿವಿಗೆ ಓದಿದ್ದೆ. ಮರುದಿನ ಬೆಳಿಗ್ಗೆ ಅದೇ ಕರವಸ್ತ್ರದಲ್ಲಿ ರಕ್ತ ಕಂಡಿತು.

ಕೋಲಾರದ ದೊಡ್ಡಾಸ್ಪತ್ರೆಗೆ ಬಸ್ಸಿನಲ್ಲಿ ಹೋದೆವು. ಕಫ ಪರೀಕ್ಷೆಗೆ ಕೊಡಲು ಮುಚ್ಚಳದ ಡಬ್ಬಿ ಹಿಡಿದು ಹೊರಗಿನ ಬೆಂಚಿನ ಮೇಲೆ ಕೂತೆ. ಸಾಲಿಗೆ ಸಾಲೇ ಅಂಥ ಡಬ್ಬಿ ಹಿಡಿದು ಕೂತಿತ್ತು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನನ್ನ ಪಕ್ಕದಲ್ಲಿ ಶ್ರೀನಿವಾಸಪುರದ ಒಬ್ಬ ಮುಸ್ಲಿಂ ಹೆಂಗಸು ಬುರ್ಖಾದ ಒಳಗಿಂದ ಕಿತ್ತಳೆ ತೆಗೆದು ಅರ್ಧ ನನ್ನ ಕೈಗಿಟ್ಟಳು.

"ಡರೋ ನಕ್ಕೋ, ಹೆದರ್ಬೇಡ ಅಕ್ಕ. ನಂದು ನಾಕನೇ ತಿಂಗ್ಳು ನಡೀತಾ ಐತೆ. ಮೊದ್ಲು ಗಂಜಿ ಇಳೀತಾ ಇರ್ಲಿಲ್ಲ, ಈಗ ಮನೇಲಿ ಎಲ್ರ ಪಾಲೂ ನಾನೇ ತಿಂತೀನಿ" ಅಂದು ನಕ್ಕಳು. ಅವಳ ಹೆಸರನ್ನೂ ನಾನು ಕೇಳಲಿಲ್ಲ. ಆ ಆರು ತಿಂಗಳಲ್ಲಿ ಎಷ್ಟೋ ಬೆಳಿಗ್ಗೆ ಮಾತ್ರೆ ನುಂಗುವಾಗ ಆ ನಗುವನ್ನು ನೆನೆಸಿಕೊಂಡಿದ್ದೇನೆ.

ಕ್ಷಯವೇ ಆಗಿತ್ತು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಸಮಾಧಾನದಿಂದ ಹೇಳಿದರು: "ವಾಸಿಯಾಗುತ್ತೆ ಅಮ್ಮ. ಒಂದು ದಿನಾನೂ ಮಾತ್ರೆ ತಪ್ಪಿಸ್ಬೇಡಿ." ಪಕ್ಕದ ಮೇಜಿನ ನರ್ಸು ಪುಸ್ತಕ ತೆರೆದು ಕೇಳಿದರು. "ನಿಮ್ಮ ಹತ್ರಾನೇ ಜಾಸ್ತಿ ಹೊತ್ತು ಕೂರೋರು, ಮಾತಾಡೋರು ಯಾರ್ಯಾರು? ಅವರಿಗೂ ಪರೀಕ್ಷೆ ಮಾಡ್ಬೇಕು."

"ನಮ್ಮೆಜಮಾನ್ರು ಒಬ್ರೇ" ಅಂದೆ.

ಎಲೀಸಮ್ಮನ ಹೆಸರು ನಾಲಿಗೆ ತುದಿಯಲ್ಲೇ ಇತ್ತು. ಆದರೆ ಅವಳ ಹೆಸರು ಕೊಟ್ಟರೆ ಆಶಾ ಕಾರ್ಯಕರ್ತೆ ಅವಳ ಬಾಗಿಲಿಗೆ ಹೋಗುತ್ತಾಳೆ, ಯಾಕೆ ಎಂದು ಕೇಳುತ್ತಾರೆ, ಸಂಜೆಯೊಳಗೆ ಚಾಪೆಯ ತುಂಬ ಸುದ್ದಿ. ಮಗಳು ಏಳು ತಿಂಗಳ ಬಸುರಿ. ಹೊರಗೆ ಬಂದ ಮೇಲೆ ದಾನಿಯೇಲ ಹೇಳಿದ್ದೂ ಅದೇ: "ಮಾಲೂರಿನೋರಿಗೆ ಗೊತ್ತಾದ್ರೆ ಹುಡುಗೀನ ಬಾಣಂತನಕ್ಕೆ ಕಳಿಸ್ತಾರಾ? ಟೈಫಾಯಿಡ್ ಅಂದ್ಬಿಡು ಕಣೇ." ಅವರ ಕಣ್ಣಲ್ಲಿ ನೀರಿತ್ತು. ಅವರನ್ನು ದೂರುವುದಿಲ್ಲ. ಪುಸ್ತಕದಲ್ಲಿ ಬರೆಸಿದವಳು ನಾನು. ಕೇಳಿದವರಿಗೆಲ್ಲ ಟೈಫಾಯಿಡ್ ಬಂದು ಹೋಯಿತು ಅಂದವಳೂ ನಾನೇ.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಮೊದಲ ದಿನ ಮೂತ್ರ ಕೆಂಪಗಾದದ್ದು ನೋಡಿ ಸತ್ತೇ ಹೋದೆ ಎಂದು ಗೋಡೆ ಹಿಡಿದು ಕೂತುಬಿಟ್ಟೆ; ಮಾತ್ರೆಯ ಬಣ್ಣ ಅದು ಎಂದು ಮೊದಲೇ ಹೇಳಿದ್ದರು, ಭಯದಲ್ಲಿ ಮರೆತಿತ್ತು. ಬಾಯಿಗೆ ಎಲ್ಲವೂ ಕಬ್ಬಿಣ. ನನ್ನ ತಟ್ಟೆ, ಲೋಟ ಬೇರೆ ಇಟ್ಟುಕೊಂಡೆ. ಹಾಗೆ ಮಾಡಬೇಕಿಲ್ಲ, ಇದು ಕೆಮ್ಮಿನ ಗಾಳಿಯಿಂದ ಹರಡುವುದು ಎಂದು ಡಾಕ್ಟರಮ್ಮ ಹೇಳಿದರೂ ಮನಸ್ಸು ಕೇಳಲಿಲ್ಲ. ಗಾಳಿಯಿಂದ ಎಂದು ಕೇಳಿದ ಮೇಲಂತೂ ಅವ್ವನ ಕಿವಿ ಒಂದೇ ಕಣ್ಮುಂದೆ ಬರುತ್ತಿತ್ತು. ಅಳತೆ ಕೊಡಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಹಳೇ ರವಿಕೆ ಇಸಕೊಂಡು ಕಳಿಸುತ್ತಿದ್ದೆ. ಮಗಳ ಬಾಣಂತನ ಕೊನೆಗೆ ಮಾಲೂರಿನಲ್ಲೇ ಆಯಿತು. ಮೊಮ್ಮಗನ ಮುಖವನ್ನು ಫೋನಿನಲ್ಲಿ ನೋಡಿದೆ.

ಫೆಬ್ರವರಿಯ ಸಂಸ್ಕಾರದ ದಿನ ಚರ್ಚಿಗೆ ಹೋದೆ, ಆದರೆ ಅವ್ವನ ಪಕ್ಕ ಕೂರದೆ ಬಾಗಿಲ ಹತ್ತಿರ, ಗಾಳಿಯಾಡುವ ಕಡೆ ಒಬ್ಬಳೇ ಕೂತೆ. ಎಲ್ಲರೂ ವೇದಿಯ ಬಳಿಗೆ ಎದ್ದರು. ನಾನು ಏಳಲಿಲ್ಲ. ಸೆರಗಿನ ಸಂದಿಯಿಂದ ಅಷ್ಟೂ ಹೆಂಗಸರ ಕಣ್ಣು ನನ್ನ ಮೇಲೆ ಬಿದ್ದದ್ದು ಗೊತ್ತಾಯಿತು. ನಾನು ಊರಿಗೆಲ್ಲ ಹೊಲಿದುಕೊಟ್ಟ ಅನುಮಾನವನ್ನು ಅವತ್ತು ನಾನೇ ತೊಟ್ಟುಕೊಂಡೆ. ಅವ್ವ ಪುಸ್ತಕವಿಲ್ಲದೆ, ಓದಿ ಹೇಳುವವರಿಲ್ಲದೆ, ಕೀರ್ತನೆ ಪೂರ್ತಿ ಸುಮ್ಮನೆ ನಿಂತಿದ್ದಳು. ಮಾರ್ಚಿನಲ್ಲೂ ಹೀಗೇ ಆಯಿತು.

ಮಾರ್ಚ್ ಕೊನೆಗೆ ಡಾಕ್ಟರಮ್ಮ ಮತ್ತೆ ಕಫ ಪರೀಕ್ಷೆ ಮಾಡಿಸಿ, "ಇನ್ನು ನಿಮ್ಮಿಂದ ಯಾರಿಗೂ ಹರಡಲ್ಲ, ಆದ್ರೆ ಮಾತ್ರೆ ಬಿಡಂಗಿಲ್ಲ" ಅಂದರು. ಆ ವಾರದ ಶನಿವಾರ ಮಧ್ಯಾಹ್ನ ನಾನು ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಾಗ ಬಾಗಿಲಲ್ಲಿ ಎಲೀಸಮ್ಮ ಕಾಣಿಸಿದಳು. ಬಿಸಿಲಲ್ಲಿ ನಡೆದು ಬಂದು ಏದುಸಿರು ಬಿಡುತ್ತಿದ್ದಳು. ಕಂಕುಳಲ್ಲಿ ನನ್ನ ಕರಿ ಕೊಡೆ. ಹಿಂದಿನ ಮಳೆಗಾಲದಲ್ಲಿ ಚರ್ಚಿನಿಂದ ಹೋಗುವಾಗ ನಾನೇ ಅವಳಿಗೆ ಕೊಟ್ಟದ್ದು, ಕೊಟ್ಟದ್ದೂ ನನಗೆ ನೆನಪಿರಲಿಲ್ಲ.

ಕೂತ್ಕೋ ಅವ್ವ ಅನ್ನುವಷ್ಟರಲ್ಲಿ ಅವಳು ಕೊಡೆಯನ್ನು ನನ್ನ ಮುಂದೆ ಇಟ್ಟು, ಗೋಡೆಗೆ ಕೈಕೊಟ್ಟು, ನಿಧಾನವಾಗಿ ಮೊಣಕಾಲೂರಿದಳು. ವೇದಿಯ ಮುಂದೆ ಹೇಗೋ ಹಾಗೆ, ತಲೆಯ ಮೇಲೆ ಸೆರಗು ಎಳೆದುಕೊಂಡು.

"ನನ್ನಿಂದ ಏನೋ ತಪ್ಪಾಗೈತೆ ಕರುಣಮ್ಮ. ಎರಡು ತಿಂಗ್ಳಿಂದ ನೀನು ನನ್ ಪಕ್ಕ ಕೂರ್ತಾ ಇಲ್ಲ. ಸಂಸ್ಕಾರಾನೂ ತಗೊಳ್ತಾ ಇಲ್ಲ. ಏನಂತ ಬಹಳ ಯೋಚ್ನೆ ಮಾಡ್ದೆ. ಈ ಕೊಡೆ ನನ್ನತ್ರಾನೇ ಉಳ್ಕೊಂಡಿತ್ತು, ಒಂದು ಕಡ್ಡೀನೂ ಮುರ್ದಿತ್ತು. ಸೊಸೆ ಕೈಲಿ ಸರಿ ಮಾಡ್ಸಿ ತಂದಿದೀನಿ. ನನ್ನ ಕ್ಷಮಿಸ್ಬಿಡು ತಲ್ಲೀ. ನನ್ನಿಂದ ನೀನು ಪಾತ್ರೆ ಬಿಡಬೇಡ."

ಅವಳನ್ನು ಎಬ್ಬಿಸಿ, ಇದ್ದದ್ದು ಇದ್ದ ಹಾಗೆ ಹೇಳಿಬಿಡಬೇಕಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇಂಥ ಸುಲಭದ ಗಳಿಗೆ ಮತ್ತೆ ಸಿಗುವುದಿಲ್ಲ ಎಂದು ಒಳಗಿನಿಂದ ಯಾರೋ ತಿವಿದ ಹಾಗಾಯಿತು. ನಾನು ಮಾಡಿದ್ದೇನೆಂದರೆ, ಕೊಡೆಯನ್ನು ಕೈಗೆತ್ತಿಕೊಂಡೆ.

"ಹೌದವ್ವ, ಸ್ವಲ್ಪ ಬೇಜಾರಾಗಿತ್ತು" ಅಂದೆ. "ಹೋಗ್ಲಿ ಬಿಡು. ಕ್ಷಮಿಸಿದೀನಿ."

ಅವಳ ಮುಖ ಅರಳಿದ್ದನ್ನು ನಾನು ಯಾವತ್ತಿಗೂ ಮರೆಯಲಾರೆ. ಕಾಫಿ ಕುಡಿದು, ಎರಡು ಸಲ ಸ್ತೋತ್ರ ಹೇಳಿ, ಹಗುರವಾಗಿ ಮೆಟ್ಟಿಲಿಳಿದು ಹೋದಳು. ಬಿಸಿಲು ಸುಡುತ್ತಿತ್ತು. ಕೊಡೆ ನನ್ನ ಕೈಯಲ್ಲಿತ್ತು.

ಮರುದಿನ ನಾನು ಅವಳ ಪಕ್ಕ ಮೊಣಕಾಲೂರಲೇಬೇಕಾಯಿತು. ಇಲ್ಲದಿದ್ದರೆ ಸುಳ್ಳು ಬಯಲಾಗುತ್ತಿತ್ತು. ಇಬ್ಬರೂ ರಾಜಿಯಾದರೆಂದು ಸಭೆಗೆಲ್ಲ ಸಂತೋಷ. ಅಯ್ಯನವರು ಕೂಡ ನನ್ನನ್ನು ನೋಡಿ ತಲೆದೂಗಿದರು. ಪಾತ್ರೆ ತುಟಿಗೆ ತಾಗಿದಾಗ ನನ್ನ ಹಲ್ಲು ಬೆಳ್ಳಿಗೆ ಬಡಿದು ಸದ್ದಾಯಿತು. ಕಾಯಿಲೆಯ ಆರು ತಿಂಗಳಲ್ಲಿ ನನಗೆ ಅತಿ ಹೆಚ್ಚು ಭಯವಾದದ್ದು ರಕ್ತ ಕಂಡ ಬೆಳಿಗ್ಗೆಯಲ್ಲ, ಈ ಭಾನುವಾರ.

ಜುಲೈಯಲ್ಲಿ ಮಾತ್ರೆ ಮುಗಿಯಿತು. ವಾಸಿಯಾಗಿದೆ ಅಂದರು. ದಾನಿಯೇಲ ಒಂದು ಕೆಜಿ ಮಾವಿನಹಣ್ಣು ತಂದರು, ಇಬ್ಬರೂ ಕೂತು ತಿಂದು ಅತ್ತೆವು. ಅದೇ ತಿಂಗಳು ಚಾಪೆಯ ಮೇಲೆ ಕೂತಿದ್ದಾಗ ಪಕ್ಕದಿಂದ ಒಂದು ಕೆಮ್ಮು ಕೇಳಿಸಿತು. ಆ ಕೆಮ್ಮನ್ನು ನಾನು ಆರು ತಿಂಗಳು ನನ್ನ ಎದೆಯಲ್ಲಿ ಸಾಕಿದ್ದೆ, ಬೇರೆ ಯಾರೂ ಹೇಳಬೇಕಿರಲಿಲ್ಲ. ತಿರುಗಿ ನೋಡಿದೆ. ಅವ್ವನ ರವಿಕೆಯ ತೋಳಿನೊಳಗೆ ಎರಡು ಬೆರಳು ಆಡಿಸುವಷ್ಟು ಜಾಗವಿತ್ತು. ಅದು ನಾನೇ ಹೊಲಿದ ರವಿಕೆ.

ಮಾರನೆಯ ದಿನವೇ ಅವಳನ್ನು ಕೋಲಾರಕ್ಕೆ ಕರೆದುಕೊಂಡು ಹೋದೆ. ಅದೇ ಬೆಂಚು, ಅದೇ ಡಬ್ಬಿ. ನರ್ಸು ನನ್ನನ್ನು ನೋಡಿ, "ಏನಮ್ಮ, ಚೆನ್ನಾಗಿದೀರಾ ಈಗ?" ಅಂದರು.

"ನೀನು ಹೆಂಗೆ ಗೊತ್ತು ಅವರಿಗೆ?" ಅವ್ವ ಕೇಳಿದಳು.

"ಪಕ್ಕದ ಮನೆಯವರ ಜೊತೆ ಬಂದಿದ್ದೆ ಒಂದ್ಸಲ" ಅಂದೆ. ಸುಳ್ಳು ಎಷ್ಟು ಸಲೀಸಾಗಿ ಬಾಯಿಗೆ ಬರುತ್ತಿತ್ತೆಂದರೆ ನನಗೇ ಹೇಸಿಗೆಯಾಯಿತು.

ಅವಳಿಗೂ ಕ್ಷಯವೇ. ನಾನು ಡಾಕ್ಟರಮ್ಮನನ್ನು ಒಬ್ಬರೇ ಇದ್ದಾಗ ಹಿಡಿದು, ನನ್ನಿಂದಲೇ ಬಂತಾ ಎಂದು ಕೇಳಿದೆ. "ಹೇಳಕ್ಕಾಗಲ್ಲ. ವಯಸ್ಸಾದೋರಲ್ಲಿ ಎಷ್ಟೋ ವರ್ಷದಿಂದ ಒಳಗೇ ಇದ್ದು ಈಗ ಎದ್ದಿರಬಹುದು. ನಿಮ್ಮಿಂದಾನೂ ಇರಬಹುದು. ಆದ್ರೆ ಜನವರೀಲೇ ನೀವು ಹೆಸರು ಹೇಳಿದ್ರೆ ಆವಾಗ್ಲೇ ನೋಡ್ಬಹುದಿತ್ತು." ಗದರಿಸದೆ ಹೇಳಿದರು. ಗದರಿಸಿದ್ದರೆ ಚೆನ್ನಾಗಿತ್ತು.

ಅವ್ವನಿಗೆ ಮಾತ್ರೆ ಒಗ್ಗಲಿಲ್ಲ. ತಿಂದದ್ದು ನಿಲ್ಲುತ್ತಿರಲಿಲ್ಲ. ಕೋಲಾರದವರು ಒಂದು ವಾರ ಇಟ್ಟುಕೊಂಡು, ಮಾತ್ರೆ ಬದಲಿಸಿ, ಮನೆಗೆ ಕಳಿಸಿದರು. ನಾನು ದಿನಾ ಬೆಳಿಗ್ಗೆ ಗಂಜಿ ಮಾಡಿಕೊಂಡು ಹೋಗುತ್ತಿದ್ದೆ. ಅವಳ ಸೊಸೆ ಪ್ರೇಮಾ ಟೊಮೇಟೊ ಮಂಡಿಗೆ ಹೋಗುವ ಹೆಣ್ಣು, "ನಿಮ್ಮಂಥೋರು ಸಿಕ್ಕಿದ್ದು ನಮ್ಮ ಪುಣ್ಯ ಅಕ್ಕ" ಅನ್ನುವಳು. ಆ ಮಾತು ಕೇಳಲಾರದೆ ಸೆಪ್ಟೆಂಬರಿನ ಮೊದಲ ಸೋಮವಾರ, ಪ್ರೇಮಾ ಕೆಲಸಕ್ಕೆ ಹೋದ ಮೇಲೆ, ಮಂಚದ ಪಕ್ಕ ಕೂತು ಹೇಳಿದೆ.

"ಅವ್ವ, ನಂಗೂ ಇದೇ ಕಾಯ್ಲೆ ಇತ್ತು. ಜನವರೀಲಿ. ನಿನ್ ಕಿವಿಗೆ ಬಾಯಿಟ್ಟು ಓದ್ತಿದ್ನಲ್ಲ, ಆವಾಗ್ಲೇ ಇತ್ತು. ಟೈಫಾಯಿಡ್ ಅಂದಿದ್ದೆಲ್ಲ ಸುಳ್ಳು."

ಅವಳು ಮಂಚದ ನವಾರನ್ನು ಉಗುರಲ್ಲಿ ಕೆರೆಯುತ್ತ ಮಲಗಿದ್ದಳು. "ನಿನ್ನಿಂದ್ಲೇ ಬಂತು ಅಂದ್ರಾ ಡಾಕ್ಟ್ರು?"

"ಹೇಳಕ್ಕಾಗಲ್ಲ ಅಂದ್ರು."

"ಮತ್ತೆ ಬಿಡು. ಕಾಯ್ಲೆ ಯಾರಿಗಾದ್ರೂ ಬರ್ತದೆ." ನನಗೆ ಎದೆ ಹಗುರವಾಗತೊಡಗಿತ್ತು. ಆಗ ಕೇಳಿದಳು: "ಹಂಗಾದ್ರೆ ಕೊಡೆ?"

ನಾನು ಗಂಜಿಯ ಡಬ್ಬಿಯ ಮುಚ್ಚಳ ತೆಗೆಯಹೋದೆ.

"ಕೊಡೆಗಲ್ವಾ ನೀನು ಮುನಿಸ್ಕೊಂಡಿದ್ದು?"

"ಅಲ್ಲ ಅವ್ವ."

"ಮತ್ತೆ ಕ್ಷಮಿಸಿದೀನಿ ಅಂದ್ಯಲ್ಲ." ದನಿ ಏರಿಸಲಿಲ್ಲ. "ನಾನು ಮೊಣಕಾಲೂರಿ ಕೇಳಿದ್ದೆ ಕಣಮ್ಮ. ಅವತ್ತು ಎಷ್ಟು ನೆಮ್ಮದಿಯಾಗಿ ಮನೆಗೆ ಬಂದಿದ್ದೆ ಗೊತ್ತಾ?"

ಗೋಡೆಯ ಕಡೆಗೆ ಹೊರಳಿಕೊಂಡಳು. ನಾನು ಅವಳ ಕಾಲು ಹಿಡಿಯಹೋದೆ, ಕಾಲನ್ನು ಕಂಬಳಿಯೊಳಗೆ ಎಳೆದುಕೊಂಡಳು. "ಅವ್ವ, ನನ್ನ ಕ್ಷಮಿಸು" ಅಂದೆ. ಗೋಡೆಯ ಕಡೆಯಿಂದಲೇ ಮಾತು ಬಂತು.

"ಈಗ ಬೇಡ. ಶನಿವಾರ ಬಾ. ಇದನ್ನೆಲ್ಲ ಶನಿವಾರ ಕೇಳ್ಬೇಕು."

ಸಿಟ್ಟಿನಿಂದ ಅಂದಳೋ, ರೂಢಿಯಂತೆ ಮಾಡಬೇಕೆಂದು ಅಂದಳೋ, ಮುಖ ಕಾಣಿಸಲಿಲ್ಲ. ಮಂಗಳವಾರ ಗಂಜಿಯನ್ನು ದಾನಿಯೇಲನ ಕೈಯಲ್ಲಿ ಕಳಿಸಿದೆ, ಬುಧವಾರವೂ ಹಾಗೇ. ಶನಿವಾರದ ತನಕ ನಾನು ಎದುರಿಗೆ ಹೋಗುವುದು ಸರಿಯಲ್ಲ ಎನ್ನಿಸಿತ್ತು. ಹೇಗೆ ಕೇಳಬೇಕು, ಯಾವ ಮಾತು ಮೊದಲು ಆಡಬೇಕು ಎಂದು ಹೊಲಿಯುತ್ತ ಹೊಲಿಯುತ್ತ ಜೋಡಿಸಿಕೊಳ್ಳುತ್ತಿದ್ದೆ. ಗುರುವಾರ ಬೆಳಿಗ್ಗೆ ಎಲೀಸಮ್ಮ ತೀರಿಕೊಂಡಳು.

ಶುಕ್ರವಾರ ಮಣ್ಣಾಯಿತು. ಹಿಡಿ ಮಣ್ಣು ಹಾಕುವ ಸಾಲಿನಲ್ಲಿ ನಾನು ಕೊನೆಯವಳಾಗಿ ನಿಂತೆ. ಅಯ್ಯನವರು ಪ್ರಾರ್ಥಿಸಿದರು, ನನಗೆ ಒಂದು ಪದವೂ ಕೇಳಿಸಲಿಲ್ಲ.

ಶನಿವಾರ ಕೊಡೆ ತೆಗೆದುಕೊಂಡು ಅವಳ ಮನೆಗೆ ಹೋದೆ. ಯಾಕೆ ಹೋದೆನೆಂದು ಕೇಳಿದರೆ, ಬಾ ಅಂದಿದ್ದಳು, ಅಷ್ಟೇ. ಪ್ರೇಮಾ ಅಂಗಳ ಗುಡಿಸುತ್ತಿದ್ದವಳು ನನ್ನನ್ನು ನೋಡಿ ಪೊರಕೆ ಬಿಟ್ಟಳು.

"ನೀವು ಇವತ್ತು ಬರ್ತೀರ ಅಂತ ಅತ್ತೆ ಹೇಳಿದ್ರು ಅಕ್ಕ. ಬುಧವಾರ ಹೇಳಿದ್ರು. ಶನಿವಾರ ಕರುಣಮ್ಮ ಬರ್ತಾಳೆ, ಬೆಲ್ಲ ತಂದಿಡು, ಪಾಯಸ ಮಾಡ್ಬೇಕು ಅಂತ. ತಂದಿಟ್ಟಿದ್ದೆ."

ಬೆಲ್ಲ ಗೂಡಿನಲ್ಲಿ ಕಾಗದದ ಪೊಟ್ಟಣದಲ್ಲೇ ಇತ್ತು, ಇರುವೆ ಹತ್ತಿತ್ತು.

"ಇನ್ನೇನಾದ್ರೂ ಅಂದ್ರಾ?"

"ಇಲ್ಲ ಅಕ್ಕ. ಬೆಲ್ಲದ ಮಾತೊಂದೇ."

ಖಾಲಿ ಮಂಚದ ಮುಂದೆ ಮೊಣಕಾಲೂರಿದೆ. ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಬರಲಿಲ್ಲ. ಹಣೆಯನ್ನು ನೆಲಕ್ಕೆ ಮುಟ್ಟಿಸಿ ಅಳುತ್ತ ಬಿದ್ದಿದ್ದೆ. ಏನೆಂದು ತಿಳಿಯದೆ ಪ್ರೇಮಾ ಕೂಡ ಪಕ್ಕದಲ್ಲಿ ಮೊಣಕಾಲೂರಿ ನನ್ನ ಬೆನ್ನ ಮೇಲೆ ಕೈಯಿಟ್ಟಳು. ಎದ್ದ ಮೇಲೆ ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಈಗ ಎದುರು ಸಿಕ್ಕರೆ ಮಾತಾಡುತ್ತಾಳೆ, ಆದರೆ ಅಕ್ಕ ಅನ್ನುವುದಿಲ್ಲ. ಅದು ನ್ಯಾಯವೇ. ಅವಳಿಗೂ ಅವಳ ಮಕ್ಕಳಿಗೂ ಪರೀಕ್ಷೆ ಮಾಡಿಸಿದೆ, ಯಾರಿಗೂ ಏನೂ ಇರಲಿಲ್ಲ. ದೇವರಿಗೆ ಸ್ತೋತ್ರ. ಕೊಡೆಯನ್ನು ಅವ್ವನ ಮನೆಯ ಮೊಳೆಗೇ ನೇತುಹಾಕಿ ಬಂದೆ.

ಮರುದಿನ ಆರಾಧನೆಯ ನಡುವೆ ಎದ್ದು ನಿಂತು ಹೇಳಿದೆ: ನನಗೆ ಕ್ಷಯ ಬಂದಿತ್ತು. ಉಳಿದದ್ದನ್ನೂ ಹೇಳಿದೆ. ಕೆಲವರು ರವಿಕೆ ಹೊಲಿಸಲು ಬರುವುದನ್ನು ಬಿಟ್ಟರು. ಆದರೆ ಇಬ್ಬರು ಹೆಂಗಸರು ಬೇರೆ ಬೇರೆ ದಿನ ಮಧ್ಯಾಹ್ನ ಬಂದು, ಬಾಗಿಲು ಮುಂದೆ ಮಾಡಿ, ತಮ್ಮ ಕೆಮ್ಮಿನ ಬಗ್ಗೆ ಕೇಳಿದರು. ಇಬ್ಬರನ್ನೂ ಕೋಲಾರದ ಬಸ್ಸು ಹತ್ತಿಸಿದೆ. ನರ್ಸು ಪುಸ್ತಕ ತೆರೆದು ಕೇಳಿದರೆ ಎಲ್ಲರ ಹೆಸರನ್ನೂ ಹೇಳಬೇಕೆಂದು ಕೈಹಿಡಿದು ಬೇಡಿಕೊಂಡೆ.

ಈಗ ನಾನು ಯಾರನ್ನೂ ಮೊಣಕೈಯಿಂದ ತಿವಿಯುವುದಿಲ್ಲ. ಸಂಸ್ಕಾರದ ಭಾನುವಾರ ಎಲ್ಲರೂ ಹೋದ ಮೇಲೆ ಎದ್ದು, ಕಟಾಂಜನದ ಕಟ್ಟಕಡೆಯಲ್ಲಿ ಮೊಣಕಾಲೂರುತ್ತೇನೆ. ಅವಳು ನನ್ನನ್ನು ಕ್ಷಮಿಸಿದ್ದಳೇ, ನನಗೆ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ. ಅಯ್ಯನವರು ನನ್ನ ಮುಂದೆ ಬಂದು ನಿಲ್ಲುತ್ತಾರೆ. ಉಳಿದಿದ್ದು ಸಾಕು ಎಂದು ಅವಳ ಹಾಗೆ ಹೇಳಲು ನನಗಿನ್ನೂ ಬಂದಿಲ್ಲ. ಬೆಲ್ಲ ತಂದಿಡು ಅಂದಿದ್ದಳು ಎಂಬುದೊಂದನ್ನೇ ನೆನೆದುಕೊಂಡು ಬಾಯಿ ತೆರೆಯುತ್ತೇನೆ.